ನಲವತ್ತಾರರ ಹೊಸ ಸೊಸೆ

ಇಂಗ್ಲೆಂಡಿನಿಂದ ಹಿರಿಯ ಸೊಸೆ ಬರುತ್ತಾಳೆಂದರೆ ಸಾಕು, ಅಕುವೆಕೆಯ ಮಂಡಿನೋವು ಒಂದು ವಾರ ಮೊದಲೇ ಊರು ಬಿಡುತ್ತಿತ್ತು. ಆಗಸ್ಟ್ ಬಂತೆಂದರೆ ಉಮುವಗು ಎಂಬ ಆ ಹಳ್ಳಿಗೆ ಮದುವೆಯಾಗಿ ಬಂದ ಹೆಂಗಸರೆಲ್ಲ, ಲಾಗೋಸಿನಲ್ಲಿರಲಿ ಲಂಡನ್ನಿನಲ್ಲಿರಲಿ, ಊರಿಗೆ ಬಂದು ಸೇರಬೇಕು. ಬಾರದವಳಿಗೆ ದಂಡ, ತಡವಾಗಿ ಬಂದವಳಿಗೆ ದಂಡ, ಆ ವರ್ಷ ಗೊತ್ತುಮಾಡಿದ ಬಟ್ಟೆ ಉಡದವಳಿಗೆ ಇನ್ನೂ ದೊಡ್ಡ ದಂಡ. ಊರ ಸೊಸೆಯರ ಈ ಸಭೆಗೆ ಬಹಳ ವರ್ಷಗಳಿಂದ ಅಕುವೆಕೆಯೇ ಅಧ್ಯಕ್ಷೆ. ಗಂಡಸರ ಸಭೆಯಲ್ಲಿ ಮಾತು ಹೆಚ್ಚು, ಹೆಂಡ ಅದಕ್ಕಿಂತ ಹೆಚ್ಚು. ಹಳ್ಳಕ್ಕೆ ಸೇತುವೆ ಬಂದದ್ದು, ಶಾಲೆಗೆ ಸೂರು ಬಂದದ್ದು ನಮ್ಮಿಂದ ಎಂದು ಅವಳು ಪಾದ್ರಿಯ ಎದುರಿಗೂ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಈ ಸಲ ಸೊಸೆಯರ ಸಭಾಭವನಕ್ಕೆ ಮಹಡಿ ಕಟ್ಟಿಸುವ ಮಾತಿತ್ತು. ಮಹಡಿಯ ಅರ್ಧ ಖರ್ಚು ತನ್ನ ಹಿರಿಯ ಸೊಸೆ ಎಬೆಲೆಯದು ಎಂದು ಅಕುವೆಕೆ, ಸೊಸೆಯನ್ನು ಒಂದು ಮಾತೂ ಕೇಳದೆ, ಸಂತೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿಬಿಟ್ಟಿದ್ದಳು. ಕಿರಿಯ ಮಗ ಒಬಿಗೆ ಸಿಮೆಂಟಿನ ಅಂಗಡಿ. ಅವನು ಮನಸ್ಸಿನಲ್ಲೇ ಮೂಟೆ ಇಳಿಸಿ ಆಗಿತ್ತು.

ಎಬೆಲೆ ಬಂದಳು. ಲೀಡ್ಸ್ ಊರಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸುಗಳಿಗೆಲ್ಲ ಪಾಠ ಹೇಳುವ ಹೆಂಗಸು ಅವಳು. ಗಂಡ ಅಜುಕ ಸಮುದ್ರದ ನಡುವಿನ ಎಣ್ಣೆಬಾವಿಯಲ್ಲಿ ಎಂಜಿನಿಯರು. ಪೆಟ್ಟಿಗೆ ತೆರೆದಾಗ ಪ್ರತಿವರ್ಷದ ಹಾಗೆ ಬಟ್ಟೆ, ಬಿಸ್ಕತ್ತು, ಸಭೆಗೊಂದು ಗ್ಯಾಸ್ ಒಲೆ ಬರಲಿಲ್ಲ. ರಕ್ತದೊತ್ತಡ ನೋಡುವ ಯಂತ್ರಗಳು, ರಬ್ಬರಿನ ಕೈಗವಸುಗಳು, ಒಂದು ಪ್ಲಾಸ್ಟಿಕ್ ಸೊಂಟ, ಬಟ್ಟೆಯ ಹೊಕ್ಕುಳಬಳ್ಳಿ ಹೊಲಿದ ಒಂದು ಗೊಂಬೆ ಬಂದವು.

ಅಕುವೆಕೆ ಆ ಸೊಂಟವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದಳು. "ಇದ್ಯಾರದ್ದೇ?"

"ಪಾಠ ಹೇಳೋಕೆ ಅತ್ತೆ."

"ಇದರ ಮಿಕ್ಕಿದ ಮೈ ಲೀಡ್ಸಲ್ಲೇ ಉಳೀತಾ?"

ಅವತ್ತು ಸಂಜೆ ಕಿರಿಯ ಸೊಸೆ ಉಗೊಮ್ಮ ಮರಗೆಣಸಿನ ಮುದ್ದೆಯನ್ನೂ ಕಹಿಸೊಪ್ಪಿನ ಸಾರನ್ನೂ ಬಡಿಸುತ್ತಿದ್ದಾಗ ಎಬೆಲೆ ಮಾತು ತೆಗೆದಳು. ಹೊರದೇಶದಲ್ಲಿರುವ ಊರಿನ ಮಕ್ಕಳು ದುಡ್ಡು ಕೂಡಿಸಿ ಹತ್ತು ವರ್ಷದ ಹಿಂದೆ ಕಟ್ಟಿಸಿದ ಆರೋಗ್ಯ ಕೇಂದ್ರಕ್ಕೆ ಬೀಗ ಬಿದ್ದಿದೆ, ಅಮೃತಶಿಲೆಯ ಮೇಲೆ ಕೊಟ್ಟವರ ಹೆಸರಿದೆ, ಒಳಗೆ ಒಬ್ಬ ದಾದಿಯೂ ಇಲ್ಲ, ಜಗಲಿಯ ಮೇಲೆ ಆಡು ಮಲಗಿವೆ. ಇನ್ನು ಮಹಡಿ ಏಕೆ? ನಾನು, ಮ್ಯಾಂಚೆಸ್ಟರಿನ ಒಬ್ಬ ಡಾಕ್ಟರು, ಟೊರಾಂಟೊದ ಇಬ್ಬರು ನರ್ಸುಗಳು, ರಿಯಾದಿನ ಒಬ್ಬ ಅರಿವಳಿಕೆ ವೈದ್ಯ, ಹೀಗೆ ನಮ್ಮ ಕಡೆಯ ಹನ್ನೆರಡು ಜನ ಮಾತಾಡಿಕೊಂಡಿದ್ದೇವೆ. ವರ್ಷದ ರಜೆಯನ್ನೆಲ್ಲ ಕೂಡಿಸಿ ಒಬ್ಬೊಬ್ಬರು ಒಂದೊಂದು ತಿಂಗಳು ಇಲ್ಲಿ ಬಂದಿದ್ದು ಕೆಲಸ ಮಾಡುತ್ತೇವೆ, ಊರಿನ ಹುಡುಗಿಯರಿಗೆ ಕಲಿಸುತ್ತೇವೆ. ಇಬ್ಬರು ನರ್ಸುಗಳ ಸಂಬಳ ಮಾತ್ರ ಸೊಸೆಯರ ಸಭೆ ಕೊಡಲಿ.

"ಅಂದ್ರೆ ಸಿಮೆಂಟು ಬೇಡ್ವಾ ಅತ್ತಿಗೆ?" ಎಂದ ಒಬಿ.

"ಬೇಡ ಕಣೋ. ಗೋಡೆ ಬೇಕಾದಷ್ಟಿದೆ."

"ಈ ಹನ್ನೆರಡು ಜನ ಇರೋದೆಲ್ಲಿ?" ಎಂದಳು ಉಗೊಮ್ಮ, ಸೌಟನ್ನು ಪಾತ್ರೆಯಲ್ಲೇ ನಿಲ್ಲಿಸಿ.

"ಇನ್ನೆಲ್ಲಿ, ನಮ್ಮನೇಲೇ. ಹಿಂದಿನ ಕೋಣೆ ಖಾಲಿ ಇದೆಯಲ್ಲ."

ಉಗೊಮ್ಮ ಮತ್ತೆ ಬಡಿಸತೊಡಗಿದಳು. ಆದರೆ ಅವತ್ತು ಎಬೆಲೆಯ ಸಾರಿಗೆ ಮೀನಿನ ತಲೆ ಬಿತ್ತು, ತುಂಡು ಬೀಳಲಿಲ್ಲ.

ಭಾನುವಾರ ಸಭೆ ಕೂಡಿತು. ನೀಲಿ ಬಟ್ಟೆಯ ಮೇಲೆ ಹಳದಿ ಹೂವು, ಎಲ್ಲರೂ ಒಂದೇ ಥರ. ಅಕುವೆಕೆ ಪ್ರತಿವರ್ಷದ ಹಾಗೆ ಎಬೆಲೆಯನ್ನು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದಳು. ಎಬೆಲೆ ಎದ್ದು ನಿಂತು, ಮಹಡಿಯ ಮಾತು ಈ ವರ್ಷ ಬಿಡೋಣ ಎಂದಳೋ ಇಲ್ಲವೋ, ಎದುರು ಸಾಲಿನಲ್ಲಿ ಫಿಲೊಮಿನಾ ತಲೆವಸ್ತ್ರ ಸರಿಮಾಡಿಕೊಂಡು ಎದ್ದಳು. ಅಧ್ಯಕ್ಷೆಯ ಕುರ್ಚಿಯ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿದ್ದ ಹೆಂಗಸು ಅವಳು.

"ಅಧ್ಯಕ್ಷರೇ, ಒಂದು ಸಂಶಯ. ಈ ಸಭೇಲಿ ಮಾತಾಡೋಕೆ ಏನು ಬೇಕು? ಓದು ಬೇಕೋ, ವಯಸ್ಸು ಬೇಕೋ?"

"ಹೆಂಡ ಹೊತ್ತಿರಬೇಕು" ಎಂದರು ಹಿಂದಿನ ಸಾಲಿನವರು, ಗೊತ್ತಿದ್ದ ಪಾಠ ಒಪ್ಪಿಸುವ ಹಾಗೆ.

"ಹಾಗಾದ್ರೆ ನಮ್ಮ ಎಬೆಲೆ ಯಾವತ್ತು ಹೊತ್ಲು? ನಾನಂತೂ ಆ ಊಟ ಉಂಡ ನೆನಪಿಲ್ಲ."

ಊರಿನ ಕಟ್ಟಳೆ ಅದು. ಹೆಣ್ಣು ತನ್ನ ತಂದೆಯ ಅಂಗಳದಲ್ಲಿ, ಎರಡು ಊರಿನ ಎದುರು, ತಾಳೆಹೆಂಡದ ಬಟ್ಟಲು ಹೊತ್ತು ತಂದು ಗಂಡಿನ ಕೈಗೆ ಕೊಟ್ಟರಷ್ಟೇ ಮದುವೆ. ಎಬೆಲೆ ಮತ್ತು ಅಜುಕ ಇಂಗ್ಲೆಂಡಿನಲ್ಲೇ ಸಹಿ ಹಾಕಿ ಸಂಸಾರ ಹೂಡಿದವರು. ಹೆಂಡದ ದಿನ ಎರಡು ಸಲ ಗೊತ್ತಾಗಿ, ಒಮ್ಮೆ ವೀಸಾ ಸಿಗದೆ, ಇನ್ನೊಮ್ಮೆ ಅವಳ ತಂದೆ ತೀರಿಕೊಂಡು ತಪ್ಪಿಹೋಯಿತು. ಆಮೇಲೆ ಮೂರು ಮಕ್ಕಳಾದವು, ಯಾರೂ ಮಾತೆತ್ತಲಿಲ್ಲ. ಗ್ಯಾಸ್ ಒಲೆ ಕೊಟ್ಟಾಗ ಎತ್ತಲಿಲ್ಲ, ತಟ್ಟೆ ಲೋಟ ಕೊಟ್ಟಾಗ ಎತ್ತಲಿಲ್ಲ. ಕೊಡುವ ಕೈಯನ್ನು ಯಾರು ಏನು ಕೇಳುತ್ತಾರೆ? ಬಾಯಿ ತೆರೆದ ದಿನ ಕೇಳಿದರು.

"ಕೂತ್ಕೋ ಮಗಳೇ" ಎಂದಳು ಅಕುವೆಕೆ. ಅವಳ ದನಿ ಸಣ್ಣಗಾಗಿತ್ತು. "ಕಟ್ಟಳೆ ಕಟ್ಟಳೆಯೇ."

ಮನೆಯ ಹೊಸ್ತಿಲು ದಾಟಿದ ಮೇಲೆ ಅಕುವೆಕೆ ಶುರುಮಾಡಿದಳು.

"ಊರ ಮುಂದೆ ನನ್ನ ಮೂಗು ಕುಯ್ಸಿದೆಯಲ್ಲೇ. ಸುಮ್ನೆ ಮಹಡಿಗೆ ಇಷ್ಟು ಅಂದು ಕೂತಿದ್ರೆ ನಿನ್ನ ಗಂಟು ಹೋಗ್ತಿತ್ತಾ?"

"ಮಹಡಿ ಮೇಲೆ ಹೆರಿಗೆ ಆಗಲ್ಲ ಅತ್ತೆ."

"ನನಗೆ ಆರು ಹೆರಿಗೆ ಆಗಿದೆ. ನೀನು ಹೇಳಿಕೊಡಬೇಡ."

ಉಗೊಮ್ಮ ಒಲೆಯ ಮುಂದೆ ಕೂತಿದ್ದವಳು ಅಲ್ಲಿಂದಲೇ ಮಾತು ಸೇರಿಸಿದಳು. ಹನ್ನೊಂದು ವರ್ಷದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ನೆ ಹೇಳ್ತಾರಾ? ಹನ್ನೆರಡು ತಿಂಗಳು, ಹನ್ನೆರಡು ನೆಂಟರು. ಒಬ್ಬರಿಗೆ ಖಾರ ಆಗಲ್ಲ, ಇನ್ನೊಬ್ಬರಿಗೆ ಒಣಮೀನು ವಾಸನೆ. ಬೆಳಿಗ್ಗೆ ಸ್ನಾನದ ನೀರು, ಸಂಜೆ ಜನರೇಟರಿಗೆ ಪೆಟ್ರೋಲು. ಹೆಸರು ನಿಮ್ಮದು, ಸೊಂಟ ನಂದು. ಅದೂ ಪ್ಲಾಸ್ಟಿಕ್‌ದಲ್ಲ ಅಕ್ಕ. ನನ್ನ ಒಂದು ಮಾತು ಕೇಳಿದ್ರಾ?"

"ಕೇಳೋದೇನಿದೆ, ಮನೆ ನನ್ನದು" ಎಂದಳು ಅಕುವೆಕೆ.

"ಮನೆ ನಿಮ್ಮದು ಅತ್ತೆ. ಒಲೆ ನಂದು."

ಎಬೆಲೆ ಎದ್ದು ಒಲೆಯ ಹತ್ತಿರ ಬಂದು ಕೂತಳು. "ಕೇಳಲಿಲ್ಲ" ಎಂದಳು. "ಅಲ್ಲಿ ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ಕೇಳ್ದೆ. ಇಲ್ಲಿ ನಿನ್ನ ಒಬ್ಬಳನ್ನ ಕೇಳಲಿಲ್ಲ. ತಪ್ಪು ನಂದೇ ಉಗೊಮ್ಮ."

ಮರುದಿನ ಬೆಳಿಗ್ಗೆ ಎಬೆಲೆಯೇ ಒಲೆ ಹಚ್ಚಿದಳು. ಈ ವಾರ ಅಡಿಗೆ ನನ್ನದು, ನೀನು ಕೂತ್ಕೋ ಎಂದಳು. ಮೊದಲ ದಿನದ ಸಾರು ಬಾಯಿಗಿಟ್ಟ ಒಬಿ ಎದ್ದು ಹೊರಗೆ ಹೋದ. ಕಹಿಸೊಪ್ಪನ್ನು ನೊರೆ ಹೋಗುವ ತನಕ ಹಿಸುಕಿ, ನೀರು ಬದಲಿಸಿ, ಮತ್ತೆ ಹಿಸುಕಿ ತೊಳೆಯಬೇಕು. ಎಬೆಲೆ ಇಂಗ್ಲೆಂಡಿನ ಪೊಟ್ಟಣದ ಸೊಪ್ಪಿನ ಲೆಕ್ಕದಲ್ಲಿ ಒಂದು ಸಲ ಅಲ್ಲಾಡಿಸಿ ಹಾಕಿದ್ದಳು.

"ಇದು ಸಾರಲ್ಲ, ಜ್ವರದ ಔಷಧಿ" ಎಂದಳು ಅಕುವೆಕೆ.

ಉಗೊಮ್ಮ ನಗಬಾರದೆಂದು ತುಟಿ ಕಚ್ಚಿಕೊಂಡಿದ್ದಳು. ಆಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಸರೀರಿ ಅಕ್ಕ, ಹೇಗಂತ ತೋರಿಸ್ತೀನಿ" ಎಂದು ಪಕ್ಕದಲ್ಲಿ ಕೂತಳು. ವಾರ ಮುಗಿಯುವ ಹೊತ್ತಿಗೆ ಎಬೆಲೆಯ ಅಂಗೈ ಸಿಪ್ಪೆ ಸುಲಿದಿತ್ತು, ಸಾರು ಮಾತ್ರ ಬಾಯಿಗಿಡುವ ಹಾಗಾಗಿತ್ತು.

"ಒಬ್ಬರ ಕೈಲಿ ಇದು ವರ್ಷವಿಡೀ ಆಗೋ ಕೆಲಸ ಅಲ್ಲ" ಎಂದಳು ಎಬೆಲೆ, ನಿಜವಾಗಿ ಸುಸ್ತಾಗಿ.

"ಅದನ್ನೇ ನಾನು ಹೇಳಿದ್ದು" ಎಂದಳು ಉಗೊಮ್ಮ.

ಅಡಿಗೆ ಮುಗಿಸಿ ಎಬೆಲೆ ದಿನಾ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿದ್ದಳು. ಬೀಗದ ಕೈ ಊರ ಮುಖಂಡನ ಹತ್ತಿರ ಇಸಿದುಕೊಂಡು, ಆಡಿನ ಹಿಕ್ಕೆ ತಾನೇ ಗುಡಿಸಿದಳಂತೆ. ಅಕುವೆಕೆ ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ, ಮುನಿಸು. ಐದನೆಯ ದಿನ ಸಂತೆಗೆಂದು ಹೊರಟವಳ ಕಾಲು ಯಾಕೋ ಆ ಕಡೆ ತಿರುಗಿತು.

ಜಗಲಿಯ ಮೇಲೆ ಆಡಿರಲಿಲ್ಲ, ಬಸುರಿಯರಿದ್ದರು. ಪಕ್ಕದ ಎರಡು ಊರಿನಿಂದಲೂ ಬಂದಿದ್ದರು. ಒಳಗೆ, ಪಟ್ಟಣದಲ್ಲಿ ನರ್ಸಿಂಗ್ ಓದಿ ಬಂದು ಔಷಧಿ ಅಂಗಡಿಯಲ್ಲಿ ಕಾಲ ಹಾಕುತ್ತಿದ್ದ ಊರಿನ ಇಬ್ಬರು ಹುಡುಗಿಯರಿಗೆ ಎಬೆಲೆ ಗೊಂಬೆ ಹಿಡಿದು ಪಾಠ ಹೇಳುತ್ತಿದ್ದಳು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿದ್ದರೆ ಬೆರಳು ಹೇಗೆ ತೂರಿಸಬೇಕು, ಹೇಗೆ ಜಾರಿಸಬೇಕು. ಒಬ್ಬಳ ಕೈ ತಪ್ಪಿತು. ಇನ್ನೊಮ್ಮೆ ಅಂದಳು ಎಬೆಲೆ. ಮತ್ತೆ ತಪ್ಪಿತು. ಇನ್ನೊಮ್ಮೆ. ಒಂದು ಸಲವೂ ಅವಳ ದನಿ ಏರಲಿಲ್ಲ. ಹುಡುಗಿಯ ಕೈ ಸರಿಹೋದಾಗ ಎಬೆಲೆಯ ಮುಖ ಅರಳಿದ್ದನ್ನು ಅಕುವೆಕೆ ಬಾಗಿಲಲ್ಲಿ ನಿಂತು ನೋಡಿದಳು. ತನ್ನ ಸೊಸೆ ಇಂಗ್ಲೆಂಡಿನಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ ಎಂದು ಹದಿನೆಂಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಆ ಕೆಲಸ ಏನೆಂದು ಕಣ್ಣಾರೆ ಕಂಡದ್ದು ಅವತ್ತೇ. ಮುದುಕಿಗೆ ಹೆಮ್ಮೆಯಾಯಿತು, ಅದರ ಜೊತೆಗೆ ನಾಚಿಕೆಯೂ ಆಯಿತು.

"ಬನ್ನಿ ಅತ್ತೆ, ತೋಳು ಕೊಡಿ" ಎಂದಳು ಎಬೆಲೆ, ಅವಳನ್ನು ಕಂಡು. ಯಂತ್ರ ಬುಸ್ ಎಂದು ಊದಿತು. "ದೇವರೇ. ಇವತ್ತಿನಿಂದ ಸಾರಿಗೆ ಉಪ್ಪು ಕಮ್ಮಿ."

"ಮೊದಲು ಕಹಿ, ಈಗ ಸಪ್ಪೆ. ನನ್ನನ್ನು ಸಾಯಿಸಿಯೇ ಹೋಗ್ತೀಯಾ ಅನ್ನು" ಎಂದಳು ಅಕುವೆಕೆ. ಆದರೆ ಮನೆಗೆ ಬಂದವಳೇ ಹಿರಿಯ ಮಗನಿಗೆ ಫೋನು ಹಚ್ಚಿಸಿದಳು.

"ಅಜುಕ, ಬಂದು ಹೆಂಡ ಕುಡೀಬೇಕು ನೀನು."

"ಏನಮ್ಮ, ಮಟಮಟ ಹಗಲಲ್ಲಿ?"

"ನಿನ್ನ ಮದುವೆ ಹೆಂಡ ಕಣೋ."

"ಅಮ್ಮಾ, ದೊಡ್ಡವನು ಕಾಲೇಜಿಗೆ ಹೋಗ್ತಾನೆ. ನನಗೆ ಮಂಡಿ ಚಿಪ್ಪಿನ ಆಪರೇಷನ್ ಆಗಿದೆ. ಈಗ ಮದುಮಗನಾ?"

"ಹೆಂಡ ಹೊರದೆ ಅವಳಿಗೆ ಸಭೇಲಿ ಬಾಯಿಲ್ಲ. ಬರೋಕೆ ಆಗದಿದ್ರೆ ಹೇಳು, ನಿನ್ನ ಬದಲು ನಿನ್ನ ತಮ್ಮನ್ನ ಕೂರಿಸ್ತೀವಿ. ಕಟ್ಟಳೇಲಿ ಅದಕ್ಕೂ ಜಾಗ ಇದೆ."

ಒಳಗಿನಿಂದ ಉಗೊಮ್ಮ ಕೂಗಿದಳು. "ನನ್ನ ಗಂಡ ಯಾರ ಹೆಂಡಾನೂ ಕುಡಿಯೋದು ಬೇಡ. ಭಾವನಿಗೆ ಟಿಕೆಟ್ ತಗೊಳ್ಳೋಕೆ ಹೇಳಿ."

ಅಜುಕ ರಜೆ ಕಾಡಿಬೇಡಿ ಮೂರು ದಿನದ ಮಟ್ಟಿಗೆ ಬಂದ. ಒಂದು ಗಂಟೆಯ ದಾರಿ, ಎಬೆಲೆಯ ತವರು. ಅವಳ ತಂದೆಯಿಲ್ಲದ ಅಂಗಳದಲ್ಲಿ ಚಿಕ್ಕಪ್ಪ ಯಜಮಾನಿಕೆ ವಹಿಸಿದ್ದ. ಹೆಣ್ಣಿಗೆ ತೆರ ಎಂದು ಗಂಡಿನವರು ತಂದ ಆಡು, ಗೆಣಸು, ಹೆಂಡದ ಕೊಡಗಳನ್ನು ನೋಡಿ ಅವನು ಗಂಭೀರವಾಗಿ ತಲೆ ಆಡಿಸಿದ. "ಹುಡುಗಿ ಇನ್ನೂ ಚಿಕ್ಕವಳು. ನಲವತ್ತಾರು. ಇಷ್ಟು ಬೇಗ ಕೊಡೋದಾ ಅಂತ ಮನೇಲಿ ಯೋಚನೆ."

"ಕಾದಷ್ಟೂ ರೇಟು ಏರ್ತದೆ ಅಂತಲಾ?" ಎಂದಳು ಅಕುವೆಕೆ, ಮತ್ತು ಎರಡು ಊರೂ ನಕ್ಕವು.

ಎಬೆಲೆ ಹವಳದ ಮಣಿ ಹಾಕಿಕೊಂಡು ಬಟ್ಟಲು ಹಿಡಿದು ಬಂದಳು. ಗಂಡಸರು ನಾಲ್ಕೂ ಕಡೆಯಿಂದ ಕರೆದರು: ಇಲ್ಲಿ ಬಾರೇ, ಆ ಬೋಳುತಲೆ ಏನು ಚೆಂದ, ನನಗೆ ಕೊಡೇ. ಅಜುಕ ಒಂದು ಮಾವಿನ ಮರದ ಹಿಂದೆ ಮುದುಕರ ನಡುವೆ ಅಡಗಿ ಕೂತಿದ್ದ. ಹುಡುಕುವ ಆಟವನ್ನು ಮೊದಮೊದಲು ನಗುತ್ತಲೇ ಆಡಿದ ಎಬೆಲೆ, ಅವನನ್ನು ಕಂಡು ಮಂಡಿಯೂರಿ, ಬಟ್ಟಲಿನಿಂದ ಒಂದು ಗುಟುಕು ಕುಡಿದು ಅವನ ಕಡೆ ಚಾಚಿದಾಗ ಮಾತ್ರ ತಡೆಯದೆ ಅತ್ತುಬಿಟ್ಟಳು. "ಅಪ್ಪ ನೋಡಬೇಕಿತ್ತು" ಎಂದಳು. ಅಜುಕ ಬಟ್ಟಲು ಬರಿದು ಮಾಡಿ ಅವಳನ್ನು ಎಬ್ಬಿಸಿದ. ಅಕುವೆಕೆಯೂ ಅತ್ತಳು, ಯಾರಾದರೂ ನೋಡಿದರೆ ನೋಡಲಿ ಎಂದು ಮೂಗು ಒರೆಸಿಕೊಳ್ಳುತ್ತಲೇ ಅತ್ತಳು. ಫಿಲೊಮಿನಾ ಎರಡು ಸಲ ಬಡಿಸಿಕೊಂಡು ಉಂಡು, ಕೈ ತೊಳೆದು ಬಂದಳು.

"ಈಗ ನನ್ನ ತಕರಾರಿಲ್ಲ. ಊಟ ಚೆನ್ನಾಗಿತ್ತು. ಆದ್ರೆ ಅಧ್ಯಕ್ಷರೇ, ಲೆಕ್ಕ ಮರೀಬೇಡಿ. ಇವತ್ತು ಹೆಂಡ ಹೊತ್ತವಳು ಇವತ್ತಿನ ಸೊಸೆ. ಊರಿಗೇ ಕಿರಿಯಳು."

ಕಟ್ಟಳೆ ಅದೂ ಹೌದು. ಸಭೆಯಲ್ಲಿ ಹೆಂಡ ಹೊತ್ತ ದಿನದ ಪ್ರಕಾರ ಹಿರಿತನ, ಆ ಪ್ರಕಾರವೇ ಮಾತಿನ ಸರದಿ. ಎಲ್ಲರಿಗಿಂತ ಹೊಸಬಳು ಬಾಗಿಲ ಹತ್ತಿರ ಚಾಪೆಯ ಮೇಲೆ ಕೂರಬೇಕು, ನೀರು ಕೊಡಬೇಕು, ಸಭೆಯ ನಡುವೆ ಊಟ ಬಡಿಸಬೇಕು, ಪಾತ್ರೆ ಬೆಳಗಬೇಕು. ಅವಳ ಸರದಿ ಬರುವ ಹೊತ್ತಿಗೆ ಅರ್ಧ ಸಭೆ ಉಂಡು ಮನೆ ಸೇರಿರುತ್ತಿತ್ತು.

"ನಿಮ್ಮ ಪಕ್ಕದಲ್ಲೇ ಕೂರಿಸ್ಕೊಳ್ಳಿ ಅತ್ತೆ, ಯಾರು ಏನು ಮಾಡ್ತಾರೆ" ಎಂದಳು ಉಗೊಮ್ಮ, ಮನೆಗೆ ಬಂದ ಮೇಲೆ. ತನಗಿಂತ ಹಿರಿಯ ಓರಗಿತ್ತಿ ರಾತ್ರಿ ಬೆಳಗಾಗುವುದರಲ್ಲಿ ತನಗಿಂತ ಕಿರಿಯಳಾದದ್ದು ಅವಳಿಗೇ ಕಸಿವಿಸಿ.

"ಬೇಡ" ಎಂದಳು ಎಬೆಲೆ. "ಇಷ್ಟು ದಿನ ಕುರ್ಚಿ ಮೇಲೆ ಕೂತೇ ಕೆಟ್ಟಿದ್ದು. ಚಾಪೆ ಸಾಕು ಬಿಡಿ ಅಕ್ಕ."

"ನನ್ನನ್ನ ಅಕ್ಕ ಅನ್ನಬೇಡಿ, ಮೈ ಜುಮ್ಮನ್ನುತ್ತೆ."

"ಕಟ್ಟಳೆ ಅಕ್ಕ" ಎಂದು ಎಬೆಲೆ ನಕ್ಕಳು.

ಕೊನೆಯ ಭಾನುವಾರ. ಲೀಡ್ಸಿನ ದೊಡ್ಡ ನರ್ಸು ಬೆಳಿಗ್ಗೆಯೇ ಬಂದು ಸಭಾಭವನ ಗುಡಿಸಿ, ಕುಡಿಯುವ ನೀರು ತುಂಬಿ, ಹತ್ತೊಂಬತ್ತು ವರ್ಷದ ಒಬ್ಬ ಸೊಸೆಗೂ ಕೆಳಗೆ, ಬಾಗಿಲ ಪಕ್ಕದ ಚಾಪೆಯ ಮೇಲೆ ಕೂತಳು. ಮುಖದಲ್ಲಿ ಒಂದಿಷ್ಟೂ ಸಿಡುಕಿಲ್ಲ. ಯಾರಾದರೂ ಲೋಟ ಚಾಚಿದರೆ ಎದ್ದು ತುಂಬುವಳು. ಅದನ್ನು ನೋಡಲಾರದೆ ಕೆಲವರು ಬಾಯಾರಿಕೆ ತಡೆದುಕೊಂಡರು.

ಅಕುವೆಕೆ ಎದ್ದು ನಿಂತಳು. ಅಡಿಗೆ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿತ್ತು. "ಸರದಿ ಮುರಿಯೋದಿಲ್ಲ, ಯಾರನ್ನೂ ಮುಂದೆ ತರೋದಿಲ್ಲ. ಆದ್ರೆ ಇವತ್ತು ಕಟ್ಟಕಡೇ ಸೊಸೆ ಮಾತು ಮುಗಿಯೋವರೆಗೂ ಊಟ ಇಲ್ಲ. ಬಡಿಸೋಳು ಅವಳೇ ತಾನೇ? ಮಧ್ಯದಲ್ಲಿ ಬಡಿಸೋಕೆ ಅವಳು ಎದ್ದು ಹೋದ್ರೆ ಸಭೆಯಿಂದ ಒಬ್ಬಳು ಕಮ್ಮಿಯಾಗ್ತಾಳೆ."

"ಇದ್ಯಾವ ಕಟ್ಟಳೆ?" ಎಂದಳು ಫಿಲೊಮಿನಾ.

"ನೀನು ನೆನಪಿಸಿದ್ದೇ."

ಸರದಿ ಶುರುವಾಯಿತು. ಹಿರಿಯರೆಲ್ಲ ಮಹಡಿ ಎಂದರು. ಫಿಲೊಮಿನಾ ಮಹಡಿಗೆ ಹಂಚಿನ ಬಣ್ಣವನ್ನೂ ಹೇಳಿದಳು. ಅಕುವೆಕೆ ಬೆರಳು ಮಡಚಿ ಎಣಿಸುತ್ತ ಬಂದಳು. ಈ ಲೆಕ್ಕದಲ್ಲಿ ಎಬೆಲೆ ಬಾಯಿ ತೆರೆಯುವ ಮೊದಲೇ ತೀರ್ಮಾನ ಆಗಿಹೋಗುತ್ತದೆ. ಬೀಗ ಮತ್ತೆ ಬೀಳುತ್ತದೆ, ಆಡು ಮತ್ತೆ ಬರುತ್ತವೆ.

ಉಗೊಮ್ಮನ ಸರದಿ ಬಂತು. ಹನ್ನೊಂದು ವರ್ಷ ಅವಳು ಎದ್ದು "ನಂದೇನಿಲ್ಲ" ಎಂದು ಕೂತವಳು. ಈಗ ಎದ್ದವಳು ಕೂರಲಿಲ್ಲ.

"ಮಹಡಿ ಕಟ್ಟಿದ್ರೆ ನಮ್ಮನೆಯವರ ಸಿಮೆಂಟು ಖರ್ಚಾಗುತ್ತೆ. ಆದ್ರೂ ಹೇಳ್ತೀನಿ. ನಮ್ಮಕ್ಕ ಹನ್ನೆರಡು ತಿಂಗಳಿಗೆ ಹನ್ನೆರಡು ಡಾಕ್ಟರು ನರ್ಸುಗಳನ್ನ ಕರ್ಕೊಂಡು ಬರ್ತೀನಿ ಅಂತಾರೆ. ದುಡ್ಡು ಬೇಡ ಅವರಿಗೆ, ರಜಾ ಬಿಟ್ಟು ಬರ್ತಾರೆ. ಮಲಗೋಕೆ ಕೋಣೆ, ಉಣ್ಣೋಕೆ ಊಟ, ಅಷ್ಟೇ. ಎಲ್ಲ ತಿಂಗಳೂ ನಾನೊಬ್ಬಳೇ ಬೇಯಿಸಿ ಹಾಕೋಕೆ ನನ್ನ ಕೈಲಾಗಲ್ಲ. ನಾನು ಹೇಳಿಬಿಟ್ಟಿದೀನಿ, ಅತ್ತೆಗೂ ಹೇಳಿದೀನಿ. ಆಗಸ್ಟ್ ಒಂದೇ ನಂದು. ನಮ್ಮಕ್ಕ ಬರೋ ತಿಂಗಳು. ಮಿಕ್ಕ ಹನ್ನೊಂದು ಯಾರು ತಗೋತೀರಿ? ನಿಮ್ಮನೇಲಿ ನೆಂಟರಿಗೆ ಸಾರು ಮಾಡೋಕೆ ಬರುತ್ತೆ ತಾನೇ?"

ಸಭೆಯಲ್ಲಿ ಗುಜುಗುಜು ಎದ್ದಿತು. ಸಾರಿನ ಮಾತು ಬಂದಮೇಲೆ ಉಮುವಗುವಿನಲ್ಲಿ ಯಾವ ಹೆಂಗಸು ಸುಮ್ಮನಿದ್ದಾಳು?

"ಜನವರಿ ನಂದು" ಎಂದಳು ಮುಂದಿನ ಸರದಿಯವಳು. ಅವಳು ತುಂಬುಬಸುರಿ, ಆ ಜಗಲಿಯ ಮೇಲೆ ಕೂತು ಬಂದವಳು. ಅವಳ ನಂತರದವಳು ಫೆಬ್ರವರಿ ಕೇಳಿದಳು. ಏಪ್ರಿಲಿಗೆ ಇಬ್ಬರು ಜಗಳಕ್ಕೆ ಬಿದ್ದರು. ಈಸ್ಟರ್ ತಿಂಗಳು, ಮನೆಯಲ್ಲಿ ಹೇಗೂ ಮಾಂಸವಿರುತ್ತದೆ. ಸರದಿ ಕೆಳಗಿಳಿದ ಹಾಗೆ ತಿಂಗಳು ಖಾಲಿಯಾಗುತ್ತ ಬಂದವು. ಮುಂದಿನ ಸಾಲಿನಲ್ಲಿ ಫಿಲೊಮಿನಾ ಕೂತಲ್ಲೇ ಹಿಂದೆ ಮುಂದೆ ಆಡುತ್ತಿದ್ದಳು. ನವೆಂಬರ್ ಹೋದದ್ದೇ ತಡ, ಎದ್ದುಬಿಟ್ಟಳು.

"ಡಿಸೆಂಬರ್ ಯಾರಿಗೂ ಕೊಡಬೇಡಿ. ಅದು ನಮ್ಮನೇದು. ಕ್ರಿಸ್ಮಸ್ಸಿಗೆ ಬಂದ ಡಾಕ್ಟರು ಇನ್ನೆಲ್ಲೋ ಕೂತು ತಿಳಿಸಾರು ಉಣ್ಣೋದನ್ನ ನಾನು ನೋಡ್ಕೊಂಡಿರಲಾ?"

"ನಿನ್ನ ಸರದಿ ಮುಗಿದಿದೆ" ಎಂದಳು ಅಕುವೆಕೆ. "ಈಗ ಮಾತಾಡಿದ್ರೆ ದಂಡ."

"ಕಟ್ತೀನಿ" ಎಂದಳು ಫಿಲೊಮಿನಾ. "ಆ ದಂಡಾನ ಆ ನರ್ಸು ಹುಡುಗೀರ ಸಂಬಳಕ್ಕೇ ಹಾಕಿ. ಮಹಡಿ ಎಲ್ಲಿಗೆ ಓಡಿಹೋಗುತ್ತೆ, ಮುಂದಿನ ವರ್ಷ ನೋಡೋಣ."

ಸರದಿ ಬಾಗಿಲವರೆಗೆ ಬಂತು. ಯಾರೂ ಎದ್ದು ಹೋಗಿರಲಿಲ್ಲ. ಹೊರಗೆ ಹೊತ್ತು ಇಳಿದಿತ್ತು, ಅಡಿಗೆ ಕೋಣೆಯಿಂದ ತಾಳೆಎಣ್ಣೆಯ ವಾಸನೆ ಬರುತ್ತಿತ್ತು. ಎಷ್ಟೋ ಜನರ ಹೊಟ್ಟೆ ಕೂಗುತ್ತಿದ್ದುದು ಅಧ್ಯಕ್ಷೆಯ ಕುರ್ಚಿಗೂ ಕೇಳಿಸಿತು. ಅಕುವೆಕೆ ಗಂಟಲು ಸರಿಮಾಡಿಕೊಂಡಳು. ಬೇರೆ ದಿನವಾಗಿದ್ದರೆ ಸೊಸೆಯ ಹೆಸರಿನ ಹಿಂದೆ ಲೀಡ್ಸು, ಆಸ್ಪತ್ರೆ, ಪದವಿ ಎಲ್ಲ ಸೇರಿಸಿ ಹೇಳುತ್ತಿದ್ದಳು. ಈಗ ಅದೊಂದೂ ಬೇಕೆನಿಸಲಿಲ್ಲ.

"ನಮ್ಮೂರ ಹೊಸ ಸೊಸೆ ಮಾತಾಡಲಿ" ಎಂದಳು.

ಎಬೆಲೆ ಚಾಪೆಯಿಂದ ಎದ್ದಳು. ಮೂರು ವಾರ ಕನ್ನಡಿಯ ಮುಂದೆ ನಿಂತು ಕಲಿತ ಭಾಷಣವಿತ್ತು ಅವಳ ಹತ್ತಿರ. ಸತ್ತ ತಾಯಂದಿರ ಲೆಕ್ಕ, ಸರ್ಕಾರದ ಲೆಕ್ಕ, ಎಲ್ಲ ಇತ್ತು. ಅವಳು ಒಂದು ಸಲ ಉಗೊಮ್ಮನ ಕಡೆ ನೋಡಿದಳು, ಸಭೆಯನ್ನೆಲ್ಲ ನೋಡಿದಳು, ಅತ್ತೆಯ ಸೊಂಟದ ಬೀಗದ ಕೈಗಾಗಿ ಕೈ ಚಾಚಿದಳು.

"ಅಕ್ಕಂದಿರೇ, ಅನ್ನ ಆರಿಹೋಗ್ತಿದೆ. ಕೈ ತೊಳ್ಕೊಳ್ಳಿ, ಬಡಿಸ್ತೀನಿ."